ಕಾಚಂಪುಳಿಗೆ ಆ ಹಳೆ ಮುಚ್ಚಳ ಹಾಕಬೇಡಿ ಅಕ್ಕ

ಅಕ್ಕ, ನಿನ್ನೆ ನೀವು ಹಾಕಿದ ಫೋಟೋ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ಜಾಮ್ ಬಾಟಲಿಯ ಹಳೆ ತಗಡು ಮುಚ್ಚಳಗಳನ್ನೆಲ್ಲ ಸ್ಟೀಲ್ ನಾರಿನಲ್ಲಿ ಉಜ್ಜಿ, ಕುದಿಸಿ, ಕಾಫಿ ಕಣದಲ್ಲಿ ಒಣಹಾಕಿದ್ದೀರಿ. ಈ ಸಲದ ಕಾಚಂಪುಳಿಗೆ, ಅದೇ ನಮ್ಮ ಕೊಡಗಿನಲ್ಲಿ ಪಣಪುಳಿ ಹಣ್ಣಿನ ರಸ ಬತ್ತಿಸಿ ಮಾಡೋ ಕಪ್ಪು ಹುಳಿಗೆ, ಇದೇ ಮುಚ್ಚಳ ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ ಸೂಪರ್ ಸೂಪರ್ ಅಂದಿದ್ದಾರೆ, ಒಬ್ಬರಾದರೂ ಬೇಡ ಅನ್ನಬಾರದಿತ್ತಾ?

2019ರ ಮಳೆಗಾಲದಲ್ಲಿ ನಾನೂ ಇದನ್ನೇ ಮಾಡಿದ್ದೆ. ನಲವತ್ತು ಬಾಟಲಿ. ಮನೆಯ ಕಪಾಟಿನಲ್ಲಿ ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಬೆಂಗಳೂರಿನ ನೆಂಟರಿಗೆ ಅಂತ ಹನ್ನೆರಡು ಬಾಟಲಿ ಕಾರಿನ ಡಿಕ್ಕಿಯಲ್ಲಿ ಅಡ್ಡ ಮಲಗಿಸಿ ಕಳಿಸಿದೆ. ಅಲ್ಲೂ ಆ ಪೆಟ್ಟಿಗೆ ಮೂರು ವಾರ ಹಾಗೇ ಬಿದ್ದಿತ್ತು. ತೆರೆದು ನೋಡಿದರೆ ಮುಚ್ಚಳದ ಒಳಗೆ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಉಗುರು ತಾಗಿಸಿದರೆ ಚಿನ್ನದ ಬಣ್ಣದ ಪದರ ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಅಡಿಯಲ್ಲಿ ತುಕ್ಕು. ಕಾಚಂಪುಳಿ ಮೊದಲೇ ಕಪ್ಪು, ಅದರಲ್ಲಿ ಏನು ಕರಗಿದೆ ಅಂತ ಯಾರಿಗೆ ಕಾಣುತ್ತೆ? ಅಷ್ಟನ್ನೂ ಚೆಲ್ಲಿದೆ. ಮೂರು ದಿನ ಒಲೆ ಮುಂದೆ ಕೂತು ಬತ್ತಿಸಿದ್ದು.

ಆ ಚಿನ್ನದ ಬಣ್ಣ ತಗಡಿನದ್ದಲ್ಲ, ಲ್ಯಾಕರ್ ಅನ್ನೋ ಲೇಪನದ್ದು. ತಗಡನ್ನು ಹುಳಿಯಿಂದ ಕಾಯೋದು ಅದೊಂದೇ. ನಾರಿನಲ್ಲಿ ಉಜ್ಜಿದಿರೋ, ಕಾವಲು ಹೋಯಿತು. ಗೀರು ಕಣ್ಣಿಗೆ ಕಾಣದಿದ್ದರೂ ಹುಳಿಗೆ ದಾರಿ ಸಿಗುತ್ತೆ. ಕಿಸಾನ್ ಜಾಮ್ ಮುಚ್ಚಳ ಕಿಸಾನ್ ಜಾಮ್‌ಗೆ ಸರಿ, ಅದೂ ಒಂದೇ ಸಲಕ್ಕೆ. ನಮ್ಮ ದೇಶದ 2018ರ ಆಹಾರ ಪ್ಯಾಕೇಜಿಂಗ್ ನಿಯಮದಲ್ಲೂ ಗಾಜಿನ ಬಾಟಲಿ ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು, ಒಮ್ಮೆ ಬಳಸಿದ ತಗಡಿನ ಡಬ್ಬಿಗೆ ಮತ್ತೆ ಆಹಾರ ತುಂಬಬಾರದು ಅಂತಿದೆ.

ಪಂದಿ (ಹಂದಿ ಮಾಂಸದ) ಉಪ್ಪಿನಕಾಯಿಗೂ ಅದೇ ಮುಚ್ಚಳ ಅಂದಿದ್ದೀರಲ್ಲ, ಅದು ಇನ್ನೂ ಕಷ್ಟ. ಅಂಚಿನಲ್ಲಿ ಮೆತ್ತಗೆ ರಬ್ಬರ್ ಥರ ಇರೋ ರಿಂಗ್ ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗಿಡೋಕೆ ಹಾಕಿದ ರಾಸಾಯನಿಕವನ್ನು ಎಣ್ಣೆ, ಕೊಬ್ಬು ಎಳೆದುಕೊಳ್ಳುತ್ತವೆ. ಎಣ್ಣೆ ಮೇಲೆ ತೇಲುತ್ತೆ, ರಿಂಗ್ ಇರೋದೂ ಮೇಲೆಯೇ.

ಅಂಗಡಿಯವರು 'ಫುಡ್ ಗ್ರೇಡ್' ಅಂದ ತಕ್ಷಣ ತಲೆ ಆಡಿಸಬೇಡಿ. ಯಾವ ಫುಡ್ಡಿಗೆ? ರಿಪೋರ್ಟ್ ಕೇಳಿ. ಪ್ಲಾಸ್ಟಿಕ್ ಭಾಗಕ್ಕೆ ಐಎಸ್ 9845 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಪರೀಕ್ಷೆ ಆಗಿರಬೇಕು. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಬಿಟ್ಟುಕೊಳ್ಳೋದು ಕೆಜಿ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂ ದಾಟಬಾರದು, ಬಣ್ಣ ಅಂತೂ ಕಣ್ಣಿಗೆ ಕಾಣೋ ಹಾಗೆ ಬಿಡಲೇಬಾರದು. ಹುಳಿ ಪದಾರ್ಥಕ್ಕೆ 3% ಅಸಿಟಿಕ್ ಆಸಿಡ್‌ನಲ್ಲಿ, ಎಣ್ಣೆ ಪದಾರ್ಥಕ್ಕೆ ಎಣ್ಣೆಯಂತೆ ಕರಗಿಸೋ ಹೆಪ್ಟೇನ್‌ನಲ್ಲಿ ನೋಡುತ್ತಾರೆ. ನನಗೆ ಒಬ್ಬರು ತೋರಿಸಿದ ರಿಪೋರ್ಟಿನಲ್ಲಿ ಬರೀ ನೀರಿನಲ್ಲಿ ಪಾಸ್ ಅಂತಿತ್ತು. ನೀರು ಮಾರೋರಿಗೆ ಆಗಬಹುದು, ಕಾಚಂಪುಳಿಗೆ ಅದು ರಿಪೋರ್ಟೇ ಅಲ್ಲ.

ಈಗ ನಾನು ಬಳಸೋದು ಗಾಜಿನ ಬಾಟಲಿಗೆ ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್ ಮುಚ್ಚಳ, ಒಳಗೆ ಬಿಳಿ ಫೋಮ್ ವಾಷರ್. ಫೋನಿನಲ್ಲಿ 'ಪಿಪಿ ಕ್ಯಾಪ್' ಅಂತ ಮಾತ್ರ ಹೇಳಬೇಡಿ. ಬಾಟಲಿ ವ್ಯಾಪಾರದಲ್ಲಿ ಹಾಗಂದರೆ ಬ್ರಾಂದಿ ಬಾಟಲಿಗಿರೋ ಆ ಮುರಿಯೋ ಅಲ್ಯೂಮಿನಿಯಂ ಮುಚ್ಚಳವೂ ಆಗುತ್ತೆ. ನನಗೆ ಐನೂರು ಹಾಗೆ ಬಂದು ಅಟ್ಟದಲ್ಲಿ ಬಿದ್ದಿವೆ, ಬೇಕಾದರೆ ತೋಟಕ್ಕೆ ಕೋತಿ ಬಂದಾಗ ದಾರಕ್ಕೆ ಪೋಣಿಸಿ ಅಲ್ಲಾಡಿಸಬಹುದು. ಬಣ್ಣದ ಮುಚ್ಚಳವೂ ಬೇಡ, ಬಿಳಿಯದೇ ತನ್ನಿ. ವಾಷರ್ ಪ್ರತಿ ಸಲ ಹೊಸದು, ಹಳೆಯದಕ್ಕೆ ಹಿಡಿದ ವಾಸನೆ ಹೋಗಲ್ಲ.

ಹೊಸ ಲಾಟ್ ಬಂದಾಗ ಐದು ಮುಚ್ಚಳ ತೆಗೆದು ನಾನೇ ಪರೀಕ್ಷೆ ಮಾಡುತ್ತೇನೆ. ನಮ್ಮದೇ ಕಾಚಂಪುಳಿ ಬಾಟಲಿಗೆ ತುಂಬಿ, ತಲೆಕೆಳಗು ಮಾಡಿ, ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಒಂದು ತಿಂಗಳು. ತಲೆಕೆಳಗು ಅನ್ನೋದೇ ಮುಖ್ಯ, ನೆಟ್ಟಗಿಟ್ಟರೆ ಹುಳಿ ಮುಚ್ಚಳಕ್ಕೆ ತಾಗೋದೇ ಇಲ್ಲ. ಆಮೇಲೆ ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿ, ಮೂಸಿ ನೋಡುತ್ತೇನೆ. ವಾಷರ್ ಉಬ್ಬಿದ್ದರೂ ಲಾಟ್ ವಾಪಸ್. ಆದರೆ ಇದರಲ್ಲಿ ತುಕ್ಕು, ಬಣ್ಣ, ವಾಸನೆ ಅಷ್ಟೇ ಗೊತ್ತಾಗೋದು. ಕಣ್ಣಿಗೆ ಕಾಣದ್ದಕ್ಕೆ ಲ್ಯಾಬೇ ಬೇಕು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಮಗೆ ದೂರ ಏನಲ್ಲ.

ಬಿಪಿಎ ಅನ್ನೋ ರಾಸಾಯನಿಕದ ಬಗ್ಗೆ ಯಾರೋ ಕೇಳಿದ್ದರು. ಹಲವು ಲ್ಯಾಕರ್ ಎಪಾಕ್ಸಿ ಅನ್ನೋ ರಾಳದ್ದು, ಬಿಪಿಎ ಬರೋದು ಅಲ್ಲಿಂದ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನದ ಮಿತಿಯನ್ನು ದೇಹದ ಪ್ರತಿ ಕೆಜಿಗೆ 4 ಮೈಕ್ರೊಗ್ರಾಂನಿಂದ 0.2 ನ್ಯಾನೊಗ್ರಾಂಗೆ ಇಳಿಸಿದ್ದು 2023ರಲ್ಲಿ. ಅಂದರೆ 20,000 ಪಟ್ಟು ಕಡಿಮೆ. ಮರುವರ್ಷ ಡಿಸೆಂಬರಿನಲ್ಲಿ ಅಲ್ಲಿ ಡಬ್ಬಿ ಲೇಪನಕ್ಕೆ ಅದನ್ನು ನಿಷೇಧಿಸಿದರು, ಕಂಪನಿಗಳಿಗೆ ಬದಲಾಯಿಸಿಕೊಳ್ಳಲು ಸಮಯ ಕೊಟ್ಟು. ಹಾಗಂತ 'ಬಿಪಿಎ ಫ್ರೀ' ಅಂತ ಬರೆದ ಮುಚ್ಚಳವನ್ನು ಹುಳಿ ತಿನ್ನಲ್ಲ ಅಂತ ಅಲ್ಲ, ಎರಡೂ ಬೇರೆ ಮಾತು.

ಹಾಕಿ ಪಂದ್ಯದ ಹತ್ತಿರ ಸ್ಟಾಲ್ ಹಾಕೋರಿಗೂ ಒಂದು ಮಾತು. ಎಣ್ಣೆ ಹೀರದ ಕಾಗದದ ತಟ್ಟೆ ಅಂತ ಖುಷಿಪಡಬೇಡಿ. ಎಣ್ಣೆ ತಡೆಯೋಕೆ ಪಿಎಫ್‌ಎಎಸ್ ಅನ್ನೋ ರಾಸಾಯನಿಕ ಹಾಕೋದುಂಟು, ಡೆನ್ಮಾರ್ಕ್ 2020ರಲ್ಲೇ ಕಾಗದದ ಪ್ಯಾಕಿಂಗ್‌ನಲ್ಲಿ ಅದನ್ನು ನಿಲ್ಲಿಸಿತು. ಬಿಸಿ ಪಂದಿ ಕರಿಗೆ ಬಾಳೆಲೆ ಸಿಗದ ಊರಾ ನಮ್ಮದು? ನ್ಯೂಸ್ ಪೇಪರ್ ಹಾಳೆಯಲ್ಲಿ ಕಡುಬು ಸುತ್ತಿ ಕೊಡೋದನ್ನೂ ಬಿಡಿ, ಶಾಯಿ ಸಮೇತ ತಿನ್ನಿಸಿದ ಹಾಗೆ. ನಿಯಮದಲ್ಲೂ ಅದಕ್ಕೆ ಅವಕಾಶ ಇಲ್ಲ.

ಅಕ್ಕ, ಈಗಾಗಲೇ ತುಂಬಿದ್ದರೆ ಬಾಟಲಿಗಳನ್ನು ನೆಟ್ಟಗೇ ಇಡಿ, ಅಲ್ಲಾಡಿಸಬೇಡಿ, ಈ ವಾರವೇ ಮುಚ್ಚಳ ಬದಲಿಸಿ. ಹೊಸದು ಬರೋವರೆಗೆ ಬಿರಡೆ ಸಾಕು, ನಮ್ಮಜ್ಜಿ ಅದರಲ್ಲೇ ವರ್ಷಗಟ್ಟಲೆ ಇಡುತ್ತಿದ್ದರು. ಬೇಕಿದ್ದರೆ ನನ್ನ ಹತ್ತಿರ ಅರವತ್ತು ಬಿಳಿ ಮುಚ್ಚಳ ಇವೆ, 28 ಎಂಎಂ ಬಾಯಿಯದು, ನಿಮ್ಮ ಬಾಟಲಿ ಬಾಯಿ ಅಳತೆ ತಿಳಿಸಿ. ಬದಲಿಗೆ ಎರಡು ಬುಟ್ಟಿ ಪಣಪುಳಿ ಕೊಟ್ಟರೆ ಸಾಕು, ನಮ್ಮ ಮರ ಈ ಸಲ ಬಿಟ್ಟೇ ಇಲ್ಲ.