ಒಂದು ನಿಮಿಷದ ವಿನೆಗರ್ ಪರೀಕ್ಷೆ

ಓದುಗರ ಪತ್ರ: ಊರಿನ ಶಿಬಿರದಲ್ಲಿ ನನ್ನ ಹೆಂಡತಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿದರು. ಡಾಕ್ಟರು ಇರಲಿಲ್ಲ. ನರ್ಸ್ ವಿನೆಗರ್ ಹಚ್ಚಿ, ಒಂದು ನಿಮಿಷ ನೋಡಿ, ಏನೂ ಇಲ್ಲ ಎಂದು ಕಳಿಸಿದರು. ದೊಡ್ಡ ಕ್ಯಾನ್ಸರ್ ಸಂಸ್ಥೆಗಳ ಸಂಶೋಧನೆಯೆಲ್ಲ ಪಟ್ಟಣದವರಿಗೆ, ಹಳ್ಳಿಯವರಿಗೆ ವಿನೆಗರ್ ಸಾಕೇ?
– ಇಂಡಿ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ವಿನೆಗರ್ ಕೂಡ ದೊಡ್ಡ ಸಂಸ್ಥೆಯ ಸಂಶೋಧನೆಯಿಂದಲೇ ನಿಮ್ಮೂರಿಗೆ ಬಂದದ್ದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅದನ್ನು ಒರೆಗೆ ಹಚ್ಚಿದರು. ನಗರದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರು ಆ ಅಧ್ಯಯನದಲ್ಲಿದ್ದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ. ಹತ್ತನೆಯ ತರಗತಿ ಓದಿ, ಕೆಲವು ವಾರಗಳ ತರಬೇತಿ ಪಡೆದ ಹೆಣ್ಣುಮಕ್ಕಳು. ತಪಾಸಣೆಗೆ ಒಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆಯಾಯಿತು.

ಆ ಒಂದು ನಿಮಿಷದಲ್ಲಿ ನಡೆಯುವುದು ಸಣ್ಣ ಕೆಲಸವಲ್ಲ. ವಿನೆಗರ್‌, ಅಂದರೆ ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಹಚ್ಚಿ ಕಾಯುತ್ತಾರೆ. ಕೆಡಲು ತೊಡಗಿದ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ತೊಂದರೆಯೆಂದರೆ, ಉರಿಯೂತವಿದ್ದರೂ ಮಸುಕಾದ ಬಿಳುಪು ಕಾಣಿಸುತ್ತದೆ. ಅಂಚು ಸ್ಪಷ್ಟವಾಗಿರುವ ದಟ್ಟ ಬಿಳುಪನ್ನು ಅದರಿಂದ ಬೇರ್ಪಡಿಸಿ ನೋಡುವ ಕಣ್ಣು ಅಭ್ಯಾಸದಿಂದಷ್ಟೇ ಬರುತ್ತದೆ. ನರ್ಸಿಗೆ ಸಿಕ್ಕ ತರಬೇತಿ ಎಂಥದ್ದು ಎಂದು ಕೇಳುವ ಹಕ್ಕು ನಿಮಗಿದೆ, ಧಾರಾಳವಾಗಿ ಕೇಳಿ.

ಆದರೆ ನನ್ನನ್ನು ಕಾಡುವ ಮಾತು ಬೇರೆ. ಮುಂಬೈಯಲ್ಲಿ ಆ ಪರೀಕ್ಷೆ ಮಾಡಿದ್ದು ಎರಡೆರಡು ವರ್ಷಕ್ಕೊಮ್ಮೆ, ನಾಲ್ಕು ಸಲ. ಒಂದೇ ಸಲ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ನಿಮ್ಮ ಹತ್ತಿರದಲ್ಲೇ ಇದೆ. ಸೊಲ್ಲಾಪುರ ದಾಟಿದರೆ ಬಾರ್ಶಿ. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯವರು ಟಾಟಾ ಆಸ್ಪತ್ರೆಯ ಜೊತೆಗೂಡಿ ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಿ ನೋಡಿದರು. ಅಲ್ಲಿ ಒಂದೇ ಸಲದ ವಿನೆಗರ್ ಪರೀಕ್ಷೆಯಿಂದ ಸಾವು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ತಗ್ಗಿಸಿದ್ದು ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ಸನ್ನು ಹುಡುಕುವ ಪರೀಕ್ಷೆ, ಅದೂ ಒಂದೇ ಸಲ ಮಾಡಿದ್ದು. ಆ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34 ಮಂದಿ. ತಪಾಸಣೆಯಿಲ್ಲದ ಗುಂಪಿನಲ್ಲಿ 64. ‘ಏನೂ ಇಲ್ಲ’ ಎನ್ನಿಸಿಕೊಂಡು ಮನೆಗೆ ಹೋದವರಲ್ಲಿ ಮುಂದೆ ಕ್ಯಾನ್ಸರ್ ಬಂದ ಪ್ರಮಾಣ, ವೈರಸ್ ಪರೀಕ್ಷೆಯವರಿಗಿಂತ ವಿನೆಗರ್ ಪರೀಕ್ಷೆಯವರಲ್ಲಿ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು.

ಆ 64ರ ಮುಂದೆ ನಾನು ಪ್ರತಿಸಲ ನಿಲ್ಲುತ್ತೇನೆ. ಹೋಲಿಕೆಗೆಂದು ತಪಾಸಣೆಯಿಂದ ಹೊರಗುಳಿದವರು ಅವರು. ಇದು ನ್ಯಾಯವೇ ಎಂಬ ವಾದ ಆಮೇಲೆ ಜೋರಾಗಿಯೇ ನಡೆಯಿತು, ನಡೆಯಬೇಕಾದದ್ದೇ. ಅಷ್ಟು ಬೆಲೆ ತೆತ್ತು ತಿಳಿದ ಸಂಗತಿ ಆ ಹೆಂಗಸರಂಥವರದೇ ಹಳ್ಳಿಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ ಎಂಬುದು ನನ್ನ ದೂರು. ವೈರಸ್ ಪರೀಕ್ಷೆಗೆ ಪ್ರಯೋಗಾಲಯ ಬೇಕು, ದುಡ್ಡು ಬೇಕು, ಹೌದು. ಕೇಳುವವರಿಲ್ಲದೆ ಅದು ಬರುವುದೂ ಇಲ್ಲ. ನೀವು ಕೇಳಿದ್ದೀರಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅದು ಬರುವವರೆಗೆ ವಿನೆಗರನ್ನು ಬಿಡಬೇಡಿ. ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ನಿಮ್ಮ ಮನೆಯವರಿಗೆ ಪರೀಕ್ಷೆಯಾದ ತಾರೀಖನ್ನು ಚೀಟಿಯಲ್ಲಿ ಬರೆಸಿ, ಪಡಿತರ ಚೀಟಿಯ ಜೊತೆ ಇಡಿ. ನಡುವೆ ಮುಟ್ಟಿಲ್ಲದ ದಿನಗಳಲ್ಲಿ, ಇಲ್ಲವೇ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೆ ಮುಂದಿನ ಶಿಬಿರಕ್ಕೆ ಕಾಯದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.