ಇದ್ದಿಲು ಹಿಡಿದಿಟ್ಟ ವಿಷ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಬಯೋಚಾರ್ ಎಂಬ ಇದ್ದಿಲನ್ನು ಬಳಸಿದರೆ ಕೀಟನಾಶಕ, ಕಳೆನಾಶಕಗಳಿಂದ ಕೆಟ್ಟ ಮಣ್ಣು ಮತ್ತು ನೀರು ಶುದ್ಧವಾಗುತ್ತವೆ ಎಂದು ಓದಿದೆ. ಅದು ವಿಷವನ್ನು ನಾಶ ಮಾಡುತ್ತದೆಯೇ? ಒಲೆಯಲ್ಲಿ ಉಳಿಯುವ ಇದ್ದಿಲೇ ಇದಕ್ಕೆ ಸಾಲದೇ?

ಉತ್ತರ: ಬಯೋಚಾರ್ ವಿಷವನ್ನು ಬಹುಮಟ್ಟಿಗೆ ನಾಶ ಮಾಡುವುದಿಲ್ಲ, ಹಿಡಿದಿಡುತ್ತದೆ. ಈ ವ್ಯತ್ಯಾಸವನ್ನು ಮರೆತು ಬರೆದ ಲೇಖನಗಳೇ ಹೆಚ್ಚಾಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇದ್ದಿಲು ಹಿಡಿಯುವ ಈ ವಸ್ತುಗಳನ್ನು ‘ಸಾವಯವ ಮಾಲಿನ್ಯಕಾರಕಗಳು’ ಎನ್ನುತ್ತಾರೆ. ಇದು ಸಾವಯವ ಕೃಷಿಯ ‘ಸಾವಯವ’ವಲ್ಲ, ಇಂಗಾಲದ ಚೌಕಟ್ಟಿನ ಅಣುಗಳಿಗೆ ರಸಾಯನಶಾಸ್ತ್ರ ಕೊಟ್ಟಿರುವ ಹೆಸರು. ಡಿಡಿಟಿ, ಅಟ್ರಜಿನ್ ಎಂಬ ಕಳೆನಾಶಕ, ಇಂಧನ ಅರೆಬರೆ ಉರಿದಾಗ ಹುಟ್ಟುವ ಫಿನಾಂಥ್ರೀನ್, ಔಷಧಿಯಾಗಿ ಬಳಸುವ ಟೆಟ್ರಾಸೈಕ್ಲಿನ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ.

ಕಟ್ಟಿಗೆ, ಹೊಟ್ಟು, ಸಗಣಿಯಂತಹ ಜೀವಮೂಲದ ವಸ್ತುಗಳನ್ನು ಗಾಳಿ ಹೆಚ್ಚು ಸೋಕದಂತೆ, ಸಾಮಾನ್ಯವಾಗಿ 300ರಿಂದ 700 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಬಯೋಚಾರ್ ದೊರೆಯುತ್ತದೆ. ಅದರ ಗುಣವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಕಾವು. ಕಡಿಮೆ ಕಾವಿನಲ್ಲಿ ಪೂರ್ತಿ ಇಂಗಾಲವಾಗದ ಭಾಗ ಉಳಿದಿರುತ್ತದೆ. ಎಣ್ಣೆಯಲ್ಲಿ ಬಣ್ಣ ಕರಗುವಂತೆ ಮಾಲಿನ್ಯಕಾರಕಗಳು ಅದರೊಳಗೆ ಸೇರಿಕೊಳ್ಳುತ್ತವೆ. ಕಾವು 600 ಡಿಗ್ರಿ ದಾಟಿದಾಗ ಇಂಗಾಲದ ಉಂಗುರಗಳು ಹಾಳೆಗಳಂತೆ ಜೋಡಣೆಗೊಂಡು, ನಡುವೆ ಅತಿಸಣ್ಣ ರಂಧ್ರಗಳು ಮೂಡಿ, ಒಂದು ಗ್ರಾಂ ಕಟ್ಟಿಗೆಯ ಬಯೋಚಾರಿನ ಒಳಮೈ ಹಲವೊಮ್ಮೆ ನೂರಾರು ಚದರ ಮೀಟರ್ ಆಗುತ್ತದೆ. ಫಿನಾಂಥ್ರೀನಿನಂತೆ ನೀರನ್ನು ಒಲ್ಲದ, ಉಂಗುರಗಳಿಂದಲೇ ಆದ ಅಣುಗಳು ಈ ಹಾಳೆಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಆದರೆ 2,4-ಡಿ ಎಂಬ ಕಳೆನಾಶಕ ಸಾಮಾನ್ಯ ಮಣ್ಣಿನಲ್ಲಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಬಯೋಚಾರಿನ ಮೈಯೂ ಹೆಚ್ಚಾಗಿ ಋಣವೇ ಆಗಿರುವುದರಿಂದ ಅದು ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಯಾವ ಮಾಲಿನ್ಯ ಎಂಬುದನ್ನು ತಿಳಿಯದೆ ಯಾವ ಬಯೋಚಾರ್ ಎಂದು ಹೇಳಲು ಬರುವುದಿಲ್ಲ.

ನೀರಿನ ಸೋಸುಗದಲ್ಲಿ ಬಳಸಿದ ಬಯೋಚಾರನ್ನು ಕೊನೆಗೆ ಹೊರತೆಗೆಯಬಹುದು, ಆದ್ದರಿಂದ ಅಲ್ಲಿ ‘ಶುದ್ಧೀಕರಣ’ ಎನ್ನುವುದು ಸರಿ. ಮಣ್ಣಿಗೆ ಬೆರೆಸಿದ್ದು ಅಲ್ಲಿಯೇ ಉಳಿಯುತ್ತದೆ. ಪ್ರಬಲ ದ್ರಾವಕ ಬಳಸಿ ಅಳೆದರೆ ಒಟ್ಟು ವಿಷ ಹೆಚ್ಚುಕಡಿಮೆ ಮೊದಲಿನಷ್ಟೇ ಕಾಣಬಹುದು. ಕಡಿಮೆಯಾಗುವುದು ಮಣ್ಣಿನ ನೀರಿನಲ್ಲಿ ಕರಗಿ ಬೇರು, ಎರೆಹುಳು ಮತ್ತು ಅಂತರ್ಜಲವನ್ನು ತಲುಪುವ ಪಾಲು. ಇದು ಸಣ್ಣ ಲಾಭವಲ್ಲ. ಆದರೆ ಬಿಗಿಯಾಗಿ ಹಿಡಿದ ಅಣು ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೂ ಸಿಗದೆ ದೀರ್ಘಕಾಲ ಉಳಿಯಬಹುದು. ಬೇರೆ ಸಂದರ್ಭಗಳಲ್ಲಿ ಬಯೋಚಾರಿನ ರಂಧ್ರಗಳೇ ಆ ಜೀವಿಗಳಿಗೆ ನೆಲೆಯಾಗಿ ವಿಘಟನೆ ಚುರುಕಾಗುವುದೂ ಉಂಟು. ಇನ್ನು, ಮಣ್ಣಿಗೆ ಹಾಕುವ ಕಳೆನಾಶಕವನ್ನೂ ಅದು ಹಿಡಿದಿಟ್ಟುಕೊಳ್ಳುವುದರಿಂದ ಔಷಧಿ ಕೆಲಸ ಮಾಡಲಿಲ್ಲವೆಂದು ಮತ್ತಷ್ಟು ಸುರಿಯುವ ಅಪಾಯವಿದೆ. ಇದನ್ನು ನಾನು ವಿಶೇಷವಾಗಿ ಎಚ್ಚರಿಸುತ್ತೇನೆ.

ಒಲೆಯ ಇದ್ದಿಲನ್ನು ಇದಕ್ಕೆ ಬಳಸಬೇಡಿ. ಕಾವು ಒಂದೇ ಸಮನಾಗಿರದೆ, ಹೊಗೆ ಅದರ ಮೇಲೆಯೇ ಕೂತು, ನಾವು ತೆಗೆಯಬೇಕೆಂದಿರುವ, ಫಿನಾಂಥ್ರೀನಿನಂತಹ ಹಲವು ಉಂಗುರಗಳ ಹೈಡ್ರೋಕಾರ್ಬನ್‌ಗಳೇ ಅದರಲ್ಲಿ ಸೇರಿರಬಹುದು. ಕುಡಿಯುವ ನೀರಿಗಂತೂ ಸಲ್ಲದು. ಇದ್ದಿಲು ರೋಗಾಣುಗಳನ್ನು ಕೊಲ್ಲುತ್ತದೆಂದು ನಂಬಿಕೊಳ್ಳುವಂತಿಲ್ಲ.

ಪ್ರಶ್ನೆ: ಒಮ್ಮೆ ಬಳಸಿದ ಬಯೋಚಾರ್ ಎಷ್ಟು ಕಾಲ ಕೆಲಸ ಮಾಡುತ್ತದೆ? ಆಮೇಲೆ ಅದನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಬಹುದೇ?

ಉತ್ತರ: ನಿಗದಿತ ಅವಧಿ ಇಲ್ಲ. ನೀರು ಮತ್ತು ಮಣ್ಣಿನಲ್ಲಿರುವ ಕೊಳೆತ ಜೈವಿಕ ವಸ್ತುಗಳು ರಂಧ್ರಗಳನ್ನು ಮುಚ್ಚುತ್ತಾ, ಅಂಟಿಕೊಳ್ಳುವ ಜಾಗಕ್ಕಾಗಿ ಮಾಲಿನ್ಯಕಾರಕದೊಡನೆ ಪೈಪೋಟಿ ಮಾಡುತ್ತಾ ಹೋದಂತೆ ಅದರ ಶಕ್ತಿ ಕುಂದುತ್ತದೆ. ಆದ್ದರಿಂದ ಸೋಸುಗದಿಂದ ಹೊರಬರುವ ನೀರನ್ನು ಆಗಾಗ ಪರೀಕ್ಷಿಸುವುದೊಂದೇ ದಾರಿ. ವಿಷ ಹಿಡಿದಿರುವ ಬಯೋಚಾರನ್ನು ಹೊಲಕ್ಕೆ ಖಂಡಿತ ಹಾಕಬೇಡಿ. ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಭಾವಿಸಿ, ಮಳೆ ತಾಗದ ಮುಚ್ಚಿದ ಡಬ್ಬದಲ್ಲಿ ಬೇರೆಯಾಗಿಟ್ಟು, ಅಂತಹ ತ್ಯಾಜ್ಯವನ್ನು ಹೆಚ್ಚಿನ ಕಾವಿನಲ್ಲಿ ಸುಡುವ ಅಧಿಕೃತ ವ್ಯವಸ್ಥೆಗೆ ಒಪ್ಪಿಸಬೇಕು.