ಅಂಗಾಲು ಉರಿಗೆ ಗಿಡಮೂಲಿಕೆ ಮಾತ್ರೆ: ದುಡ್ಡು ಕೊಡುವ ಮುಂಚೆ ನಾಲ್ಕು ಮಾತು

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್. ಹನ್ನೊಂದು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಒಂದು ವರ್ಷದಿಂದ ರಾತ್ರಿ ಮಲಗಿದರೆ ಅಂಗಾಲು ಉರಿ, ಇರುವೆ ಹರಿದ ಹಾಗೆ ಜುಮುಜುಮು. ನರದ ನೋವಿಗೆ ಪ್ರಿಗಾಬಲಿನ್ ಮಾತ್ರೆ ಕೊಟ್ಟಿದ್ದಾರೆ. ಅದನ್ನು ತಗೊಂಡರೆ ಬೆಳಿಗ್ಗೆ ಹತ್ತರವರೆಗೂ ಮಂಪರು, ಗೂಡಿನ ಹರಾಜಿನಲ್ಲಿ ನಿಂತಿದ್ದರೂ ಕಣ್ಣು ಎಳೆಯುತ್ತದೆ. ನನ್ನ ಭಾವಮೈದ ಮೊಬೈಲಿನಲ್ಲಿ ಜಾಹೀರಾತು ನೋಡಿ 'ನೂರಕ್ಕೆ ನೂರು ಸಸ್ಯಮೂಲ' ಅನ್ನುವ ನರದ ಮಾತ್ರೆ ತರಿಸಿಕೊಟ್ಟಿದ್ದಾನೆ. ಅರಿಶಿನದ ಸಾರ, ಕಾಳುಮೆಣಸಿನ ಸಾರ, ಅಶ್ವಗಂಧ, ಜತೆಗೆ ಬಿ6 ಇದೆಯಂತೆ. ಡಬ್ಬಿಗೆ 2,400 ರೂಪಾಯಿ. ಇದನ್ನು ಶುರು ಮಾಡಿ ಇಂಗ್ಲಿಷ್ ಮಾತ್ರೆ ಬಿಡಬಹುದಾ?

ಉತ್ತರ: ಬಿಡಬೇಡಿ. ಪ್ರಿಗಾಬಲಿನ್ ದಿಢೀರನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಬೆವರು, ಕಳವಳ ಶುರುವಾಗುತ್ತದೆ. ನೋವೂ ತಿರುಗಿ ಬರುತ್ತದೆ. ಮಂಪರಿಗೆ ಬೇರೆ ದಾರಿಗಳಿವೆ. ಡೋಸ್ ಇಳಿಸಬಹುದು, ಸಂಜೆ ಸ್ವಲ್ಪ ಬೇಗ ತಗೊಳ್ಳಬಹುದು, ಡುಲೊಕ್ಸೆಟಿನ್‌ನಂಥ ಇನ್ನೊಂದು ಮಾತ್ರೆಗೆ ಬದಲಾಯಿಸಬಹುದು. ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು? ಪ್ರಿಗಾಬಲಿನ್ ಹೊರಗೆ ಹೋಗುವುದು ಕಿಡ್ನಿಯಿಂದ. ಕಿಡ್ನಿ ಸ್ವಲ್ಪ ಸೋತಿದ್ದರೂ ಮಾಮೂಲಿ ಡೋಸೇ ನಿಮಗೆ ಜಾಸ್ತಿಯಾಗುತ್ತದೆ. ಮಾತ್ರೆ ಕೊಟ್ಟ ಡಾಕ್ಟರ ಹತ್ತಿರ ಇದನ್ನು ಮೊದಲು ಕೇಳಿ.

ಇನ್ನೊಂದು ಪರೀಕ್ಷೆಯೂ ಬಾಕಿ ಇದೆ ಅನಿಸುತ್ತದೆ. ನಿಮ್ಮ ಪತ್ರದಲ್ಲಿ ಬಿ12 ಮಾತೇ ಇಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ12 ಇಳಿಯುವುದು ಮಾಮೂಲಿ. ಅದು ಇಳಿದರೂ ಪಾದ ಹೀಗೇ ಜುಮುಗುಟ್ಟುತ್ತದೆ, ಹೀಗೇ ಮರಗಟ್ಟುತ್ತದೆ. ಶುಗರ್ ಮೇಲೆ ತಪ್ಪು ಹೊರಿಸಿ ಎಲ್ಲರೂ ಸುಮ್ಮನಾಗುತ್ತಾರೆ. ತಮಾಷೆ ಏನೆಂದರೆ, ಬಿ12 ಸಸ್ಯಗಳಲ್ಲಿ ಇರುವುದೇ ಇಲ್ಲ. ಮುದ್ದೆ, ಸೊಪ್ಪಿನ ಬಸ್ಸಾರು ಎಷ್ಟು ಉಂಡರೂ ಬರುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ ಬರಬೇಕು, ಇಲ್ಲವೇ ಮಾತ್ರೆ, ಇಂಜೆಕ್ಷನ್‌ನಿಂದ. ನಿಮ್ಮ ನರಕ್ಕೆ ಕೊರತೆಯಾಗಿರುವುದು ಅದೇ ಆಗಿದ್ದರೆ, ನೂರಕ್ಕೆ ನೂರು ಸಸ್ಯಮೂಲದ ಆ ಡಬ್ಬಿ ಏನು ಮಾಡೀತು, ಹೇಳಿ.

ಈಗ ಡಬ್ಬಿಯನ್ನೇ ಬಿಚ್ಚೋಣ.

ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಅನ್ನುವ ಅಂಶ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ನುಂಗಿದ್ದು ರಕ್ತಕ್ಕೆ ಸೇರುವುದಂತೂ ತೀರಾ ಕಡಿಮೆ. ಅದಕ್ಕೇ ಕಾಳುಮೆಣಸು ಸೇರಿಸುತ್ತಾರೆ. ಇದರ ಹಿಂದೆ ನಮ್ಮ ಪಕ್ಕದ ಊರಿನದೇ ಕೆಲಸ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 2 ಗ್ರಾಂ ಕರ್ಕ್ಯುಮಿನ್ ಜತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2,000ದಷ್ಟು ಏರಿತ್ತು. ಜಾಹೀರಾತಿನವರು ಈ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಅದೇ ಪೈಪರಿನ್ ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರಾನೊಲಾಲ್‌ನಂಥ ಔಷಧಗಳನ್ನೂ ರಕ್ತದಲ್ಲಿ ಏರಿಸುತ್ತದೆ ಅನ್ನುವುದನ್ನು ಹಾಕುವುದಿಲ್ಲ. ಇಂಥ ಗಟ್ಟಿ ಅರಿಶಿನದ ಮಾತ್ರೆಗಳಿಂದ ಲಿವರ್ ಕೆಟ್ಟವರ ವರದಿಗಳೂ ಬಂದಿವೆ. ಸಾರಿಗೆ ಹಾಕುವ ಅರ್ಧ ಚಮಚ ಅರಿಶಿನದ ಮಾತಲ್ಲ ಇದು, ಅದನ್ನು ಆರಾಮಾಗಿ ಹಾಕಿಕೊಳ್ಳಿ. ನೋವಿಗೆ ಉಪಯೋಗ ಇದೆಯಾ? ಕೆಲವೇ ವಾರ ನಡೆದ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಇಳಿದದ್ದು ಕಂಡಿದೆ. ಅಷ್ಟನ್ನೇ ನಂಬಿ ಡಬ್ಬಿಗೆ 2,400 ಖರ್ಚು ಮಾಡಿ ಅಂತ ನಾನು ಹೇಳಲಾರೆ.

ಅಶ್ವಗಂಧ ನಿಮಗೆ ಬೇಡ. ಅದೂ ಮಂಪರು ತರುತ್ತದೆ, ಈಗಿರುವ ಮಂಪರೇ ನಿಮಗೆ ಸಾಕಾಗಿದೆ. ಥೈರಾಯ್ಡ್ ಏರುಪೇರಾಗಬಹುದು, ಶುಗರ್ ಇಳಿಯಬಹುದು, ಲಿವರ್ ತೊಂದರೆಯ ವರದಿಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು.

ಬಿ6 ಕಡೆ ಮಾತ್ರ ಕಣ್ಣಿಟ್ಟು ಓದಿ. ದಿನಕ್ಕೆ ಬೇಕಿರುವುದು ಎರಡು ಮೂರು ಮಿಲಿಗ್ರಾಂ. ನರದ ಮಾತ್ರೆಗಳಲ್ಲಿ ಅದರ ಹತ್ತಾರು ಪಟ್ಟು ತುಂಬಿರುತ್ತಾರೆ. ಜಾಸ್ತಿ ಬಿ6 ತಿಂಗಳುಗಟ್ಟಲೆ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ. ಉರಿ, ಜುಮು, ಮರಗಟ್ಟುವಿಕೆ ಎಲ್ಲ ಥೇಟ್ ನಿಮ್ಮ ಈಗಿನ ಕಾಯಿಲೆಯ ಹಾಗೇ. ರೋಗ ಬೆಳೆಯಿತು ಅಂದುಕೊಂಡು ಇನ್ನೊಂದು ಡಬ್ಬಿ ತರಿಸುತ್ತೀರಿ.

ಡಬ್ಬಿಯ ಹಿಂಬದಿಯನ್ನು ಭೂತಗನ್ನಡಿ ಇಟ್ಟಾದರೂ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, 14 ಅಂಕಿಯ ನಂಬರ್ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಆಹಾರ. ಇಂಥ ಪೂರಕ ಆಹಾರದ ಮೇಲೆ 'ಔಷಧಕ್ಕಾಗಿ ಅಲ್ಲ' ಅಂತ ಅಚ್ಚು ಹಾಕಲೇಬೇಕು. ಮುಂದೆ ನರರೋಗಕ್ಕೆ ರಾಮಬಾಣ, ಹಿಂದೆ ಔಷಧವಲ್ಲ! ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಆದರೂ ದಿನಾ ನೋಡುತ್ತೇವೆ, ಅಲ್ವಾ? ಇಂಟರ್‌ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ನರಕ್ಕೆ ನೇರ ವಿಷ. ಆಯುರ್ವೇದವೇ ಬೇಕೆಂದರೆ ಓದಿದ ವೈದ್ಯರ ಹತ್ತಿರ ಹೋಗಿ, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಅವರ ಮೇಜಿನ ಮೇಲೆ ಸುರಿದು ಕೇಳಿ. ಮೊಬೈಲ್ ಡಬ್ಬಿಗಿಂತ ಅದು ಎಷ್ಟೋ ವಾಸಿ.

ಹಾಗಾದರೆ ಗಿಡದಿಂದ ಬಂದದ್ದು ಯಾವುದೂ ಕೆಲಸ ಮಾಡುವುದಿಲ್ಲವಾ? ಮಾಡುತ್ತದೆ. ಮೆಣಸಿನಕಾಯಿ. ಅದರ ಖಾರದ ಅಂಶ ಕ್ಯಾಪ್ಸೈಸಿನ್. ಚರ್ಮದ ಕೆಳಗಿನ ನರದ ತುದಿಗಳನ್ನು ಅದು ಮೊದಲು ಕೆರಳಿಸಿ, ಮತ್ತೆ ಮತ್ತೆ ಹಚ್ಚಿದಾಗ ದಣಿಸುತ್ತದೆ. ಖಾರ ಉರಿಯುವುದು ಯಾಕೆ ಅನ್ನುವುದರ ಬೆನ್ನು ಹತ್ತಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಶೇ 8ರ ಕ್ಯಾಪ್ಸೈಸಿನ್ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಸರ್ಪಸುತ್ತಿನ ನಂತರದ ನೋವಿಗೆ, 2020ರಲ್ಲಿ ಶುಗರ್‌ನವರ ಪಾದದ ನೋವಿಗೆ ಒಪ್ಪಿಗೆ ಸಿಕ್ಕಿತು. ಇಲ್ಲಿನ ಅಂಗಡಿಯಲ್ಲಿ ಸಿಗುವುದು ಶೇ 0.075 ಅಥವಾ ಅದಕ್ಕಿಂತ ತೆಳುವಾದ ಮುಲಾಮು. ದಿನಕ್ಕೆ ಮೂರು ನಾಲ್ಕು ಸಲ, ಕೆಲವು ವಾರ ಬಿಡದೆ ಹಚ್ಚಬೇಕು. ಮೊದಲ ವಾರ ಉರಿ ಜಾಸ್ತಿ, ಹೆದರಿ ಬಿಡುವವರೇ ಹೆಚ್ಚು. ಗಾಯ, ಒಡಕು ಇರುವ ಕಡೆ ಬೇಡ. ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕಣ್ಣು ಉಜ್ಜಿದಿರೋ ಗೊತ್ತಲ್ಲ. ಮನೆಯಲ್ಲಿ ಮೆಣಸಿನಕಾಯಿ ಅರೆದು ಮೆತ್ತುವ ಸಾಹಸ ಮಾತ್ರ ಬೇಡ.

ನಿಮ್ಮ ಕೆಲಸ ಬಿಸಿನೀರಿನ ಬೇಸಿನ್ ಮುಂದೆ, ಒದ್ದೆ ನೆಲದ ಮೇಲೆ. ಬರಿಗಾಲಲ್ಲಿ ನಿಲ್ಲಬೇಡಿ. ನನ್ನ ಹತ್ತಿರ ಬಂದಿದ್ದ ಒಬ್ಬ ಹಿರಿಯರು ನೋವಿಗೆಂದು ಎಕ್ಕದ ಎಲೆ ಬೆಂಕಿಗೆ ಹಿಡಿದು ಪಾದಕ್ಕೆ ಕಟ್ಟಿಕೊಂಡಿದ್ದರು. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗಲೇ ಬೊಬ್ಬೆ ಕಂಡದ್ದು. ಸುಟ್ಟಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಉರಿಯುವ ಪಾದಕ್ಕೆ ನಿಜವಾದ ಬಿಸಿ ತಿಳಿಯದೇ ಇರಬಹುದು.

ಪ್ರಶ್ನೆ: ನಾವು ಮಾಲೂರಿನವರು. ನಮ್ಮಮ್ಮನಿಗೆ 68. ಪಕ್ಕೆಯಲ್ಲಿ ಸರ್ಪಸುತ್ತು ಆಗಿತ್ತು, ಕೆಮ್ಮಣ್ಣು ಬಳಿಸಿದ್ದೆವು. ಗುಳ್ಳೆ ಒಣಗಿ ನಾಲ್ಕು ತಿಂಗಳಾದರೂ ಸೆರಗು ತಾಗಿದರೆ ಚೀರುತ್ತಾರೆ. ಗಿಡಮೂಲಿಕೆ ಕಷಾಯ ಕೊಡಬಹುದಾ?

ಉತ್ತರ: ಕಷಾಯದಿಂದ ಈ ನೋವು ಇಳಿಯುವುದಿಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಬೇಕಿತ್ತು, ಆ ಹೊತ್ತು ಕೆಮ್ಮಣ್ಣಿನಲ್ಲಿ ಕಳೆದುಹೋಯಿತು. ಬೈಯುತ್ತಿಲ್ಲ, ಮುಂದಿನವರಿಗೆ ಗೊತ್ತಿರಲಿ ಅಂತ. ಈಗ ಚರ್ಮ ಪೂರ್ತಿ ಮಾಗಿದ್ದರೆ ಮೇಲೆ ಹೇಳಿದ ಮೆಣಸಿನಕಾಯಿ ಮುಲಾಮು, ಚರ್ಮ ಮರಗಟ್ಟಿಸುವ ಲಿಡೊಕೇನ್ ಪಟ್ಟಿ ಕೇಳಿ ನೋಡಿ. ನರದ ನೋವಿಗೆ ಅಮಿಟ್ರಿಪ್ಟಿಲಿನ್ ಮಾತ್ರೆ ಕೊಟ್ಟರೆ ರಾತ್ರಿ ಎದ್ದಾಗ ತಲೆ ತಿರುಗಿ ಬೀಳದ ಹಾಗೆ ಯಾರಾದರೂ ಜತೆಗಿರಿ. 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮಲ್ಲೂ ಸಿಗುತ್ತಿದೆ. ಎರಡು ಡೋಸ್, ಬೆಲೆ ಮಾತ್ರ ದುಬಾರಿ.

ಪ್ರಶ್ನೆ: ಪಾವಗಡದ ಹಳ್ಳಿ. ವಯಸ್ಸು 47. ಬೆನ್ನು ಬಗ್ಗುವುದಿಲ್ಲ, ಕಾಲು ಸೆಡೆತ, ಜುಮುಜುಮು. ನರದ ಟಾನಿಕ್ ಹೇಳಿ.

ಉತ್ತರ: ಟಾನಿಕ್ ಆಮೇಲೆ. ಕುಡಿಯುವ ನೀರು ಯಾವುದು? ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗೇ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚಿನದು ಕುಡಿದರೆ ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗಿ ಒಳಗಿನ ನರವನ್ನು ಅದುಮಬಹುದು. ಒಂದು ಎಕ್ಸ್‌ರೇ ತೆಗೆಸಿ ತಜ್ಞರಿಗೆ ತೋರಿಸಿ. ಕಾಲಿನ ಬಲ ಕುಗ್ಗುತ್ತಿದ್ದರೆ, ಮೂತ್ರ ಹಿಡಿತ ತಪ್ಪುತ್ತಿದ್ದರೆ ನಾಳೆಗೆ ಮುಂದೂಡಬೇಡಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯಲು ಇಟ್ಟುಕೊಂಡು, ಮುದ್ದೆಗೆ, ಬೇಳೆಗೆ ಬೋರ್ ನೀರನ್ನೇ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಡುಗೆಗೂ ಕ್ಯಾನಿನ ನೀರೇ ಬಳಸಿ.